ಕ್ಯಾಬಿನ್ ಬಿಟ್ಟು ಇಳಿಯದ ಸಾಹೇಬರು

ಐರ್ಲೆಂಡಿನ ಗಾಲ್ವೇಯಲ್ಲಿ ಇತಿಹಾಸದ ಎಂ.ಎ. ಓದುವಾಗ ನಾನು ಒಂದು ವರ್ಷ ಪೂರ್ತಿ ಜಗಳವಾಡಿದ್ದು ಎಂದೋ ಸತ್ತುಹೋದ ಒಬ್ಬ ಅಮೆರಿಕನ್ ನೌಕಾಧಿಕಾರಿಯ ಜೊತೆ. ಹೊಗೆ ಉಗುಳುವ ಕಪ್ಪು ಹಡಗುಗಳನ್ನು ಜಪಾನಿನ ಕೊಲ್ಲಿಗೆ ತಂದು ನಿಲ್ಲಿಸಿ, ಫಿರಂಗಿ ಸಜ್ಜಾಗಿಟ್ಟುಕೊಂಡು, ಸ್ನೇಹದ ಪತ್ರ ತಂದಿದ್ದೇನೆ ಎಂದ ಮಹಾನುಭಾವ ಅವನು. ಜಪಾನನ್ನು ಜಗತ್ತಿಗೆ ತೆರೆದವನು ಎಂದು ಅವನಿಗೆ ಹೊಗಳಿಕೆ ಬೇರೆ. ತೆರೆಯಲು ಅದೇನು ಉಪ್ಪಿನಕಾಯಿ ಜಾಡಿಯೇ? ಅವನಿಗಿಂತ ಎಷ್ಟೋ ಮೊದಲು ಡಚ್ಚರು ಅಲ್ಲಿ ವ್ಯಾಪಾರ ಮಾಡಿಕೊಂಡಿದ್ದರು. ಇವನ ಮಾತುಕತೆ ನಡೆದದ್ದೂ ಡಚ್ ಭಾಷೆಯ ಮೂಲಕವೇ.

ಅವನ ಮೇಲೆ ನನಗಿದ್ದ ದೊಡ್ಡ ತಾತ್ಸಾರಕ್ಕೆ ಕಾರಣ ಅವನ ಗತ್ತು. ತನ್ನ ದರ್ಜೆಯವರು ಬರುವ ತನಕ ಯಾರಿಗೂ ಮುಖ ತೋರಿಸುವುದಿಲ್ಲ ಎಂದು ಕ್ಯಾಬಿನ್ನಿನೊಳಗೆ ಕೂತುಬಿಟ್ಟಿದ್ದ. ಹಾಗೆ ಕೂತರೆ ಜಪಾನಿಯರು ಹೆದರುತ್ತಾರೆಂದು ನಂಬಿದ್ದ.

ಓದು ಮುಗಿದ ಮೇಲೆ ಇತಿಹಾಸ ಅನ್ನ ಹಾಕಲಿಲ್ಲ. ಡಬ್ಲಿನ್ ಅಂಚಿನ ಲೆಪರ್ಡ್ಸ್‌ಟೌನಿನ ಒಂದು ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರಿನ ಕೈಪಿಡಿ ಬರೆಯುವ ಕೆಲಸ ಸಿಕ್ಕಿತು. ಅಲ್ಲಿನ ಮ್ಯಾನೇಜರ್ ಬೆಂಗಳೂರಿನವರು. ಡಬ್ಲಿನ್‌ನಲ್ಲಿ ನಮ್ಮವರು ಎಲ್ಲಿ ಹಬ್ಬ ಮಾಡಿದರೂ ಇವರು ಮುಖ್ಯ ಅತಿಥಿ. ಮುಖ್ಯ ಅತಿಥಿ ತಡವಾಗಿ ಬರಬೇಕು, ಜನರೆಲ್ಲ ಕೂತು ಕತ್ತು ತಿರುಗಿಸಿ ನೋಡುತ್ತಿರುವಾಗ ನಡುವಿನ ದಾರಿಯಲ್ಲಿ ನಡೆದು ಬರಬೇಕು ಎಂಬ ನಮ್ಮೂರಿನ ಶಾಸ್ತ್ರವನ್ನು ಅವರು ಸಮುದ್ರ ದಾಟಿಸಿ ತಂದಿದ್ದರು. ಕಾರಿನಲ್ಲೇ ಅರ್ಧ ಗಂಟೆ ಕೂತು, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಇಳಿಯುವುದನ್ನು ನಾನೇ ಕಂಡಿದ್ದೇನೆ.

ಒಂದು ದಿನ ಊಟದ ಹೊತ್ತಿಗೆ, ಜಪಾನಿನ ಕಂಪನಿಯೊಂದರಿಂದ ನಾಲ್ವರು ಬರುತ್ತಾರೆ, ನಮ್ಮ ಸಾಫ್ಟ್‌ವೇರ್ ನೋಡಿ ಒಪ್ಪಂದದ ಮಾತಾಡುತ್ತಾರೆ ಎಂದರು ಮ್ಯಾನೇಜರ್. ನನ್ನ ಪಕ್ಕದಲ್ಲಿದ್ದ ಗೆಳತಿ ಚಮಚ ಕೆಳಗಿಟ್ಟಳು. ತುಮಕೂರಿನವಳು, ಅದೇ ಕಂಪನಿಯಲ್ಲಿದ್ದಳು, ಕ್ಯಾಸಲ್‌ನಾಕ್‌ನಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ಓದು ಮುಗಿಸಿದವರಿಗೆ ಕೊಡುವ ವೀಸಾದಲ್ಲಿ ಅವಳಿಗೆ ಉಳಿದಿದ್ದು ಮೂರೇ ತಿಂಗಳು. ಜಪಾನಿನ ಕೆಲಸ ಬಂದರೆ ಅವಳಿಗೆ ಕಂಪನಿಯೇ ವರ್ಕ್ ಪರ್ಮಿಟ್ ಮಾಡಿಸುತ್ತದೆ, ಬರದಿದ್ದರೆ ವಾಪಸು ಹೋಗಬೇಕು. ಅಷ್ಟು ಸರಳ ಲೆಕ್ಕ.

"ನೀನು ಜಪಾನ್ ಬಗ್ಗೆ ಓದಿದ್ಯಲ್ಲಮ್ಮ, ಏನಾದ್ರೂ ಹೇಳು" ಎಂದರು ಮ್ಯಾನೇಜರ್. ನಾನು ಕ್ಯಾಬಿನ್ನಿನ ಕಥೆಯನ್ನು ವ್ಯಂಗ್ಯವಾಗಿಯೇ ಹೇಳಿದೆ. ಅವರಿಗೆ ವ್ಯಂಗ್ಯ ತಟ್ಟಲಿಲ್ಲ. "ಸೂಪರ್! ಹಂಗೇ ಮಾಡೋಣ. ನಾನು ಮೇಲ್ಗಡೆನೇ ಇರ್ತೀನಿ. ಅವ್ರಲ್ಲಿ ದೊಡ್ಡೋರು ಯಾರು ಅಂತ ನೋಡ್ಕೊಂಡು ಮೆಸೇಜ್ ಹಾಕು, ಆಮೇಲೆ ಇಳೀತೀನಿ" ಎಂದರು. ಕಥೆಯ ಉಳಿದರ್ಧವನ್ನು ನಾನು ಬೇಕೆಂದೇ ನುಂಗಿಕೊಂಡೆ. ಆ ಹಡಗಿಗೆ ಗವರ್ನರ್ ಎಂದು ಹೇಳಿಕೊಂಡು ಹೋದವನು ಕೆಳದರ್ಜೆಯ ಸ್ಥಳೀಯ ನೌಕರ. ಒಳಗೆ ಗತ್ತಿನಿಂದ ಕೂತವನಿಗೆ ಅದು ತಿಳಿಯಲೇ ಇಲ್ಲ.

ಹೇಳಿದ ದಿನ ಬೆಳಿಗ್ಗೆ ನಾಲ್ವರೂ ಬಂದರು. ಮಾತೆಲ್ಲ ಅವರಲ್ಲಿ ತೀರಾ ಚಿಕ್ಕವನದು. ನೆರೆಗೂದಲಿನ ಒಬ್ಬರು ತಮ್ಮ ಬ್ಯಾಗನ್ನು ತಾವೇ ಹಿಡಿದು, ಬಾಗಿಲಿನಿಂದ ಅತಿ ದೂರದ ಕುರ್ಚಿಯಲ್ಲಿ ಸುಮ್ಮನೆ ಕೂತರು. ಚಹಾ ಬಂತು. ಅವರು ಕಪ್ಪು ಎತ್ತುವ ತನಕ ಉಳಿದ ಮೂವರೂ ಮುಟ್ಟಲಿಲ್ಲ. ದೊಡ್ಡವರು ಯಾರೆಂದು ತಿಳಿಯಲು ನನಗೆ ಅಷ್ಟು ಸಾಕಾಯಿತು.

ಫೋನು ಮಿನುಗಿತು: "ದೊಡ್ಡೋರು ಬಂದ್ರಾ?"

ಬೆರಳು ತಡೆಯಲಿಲ್ಲ. "ಗೊತ್ತಾಗ್ತಿಲ್ಲ ಸರ್" ಎಂದು ಹಾಕಿದೆ. ಮೇಲೆ ಕೋಟು ತೊಟ್ಟು ಒಬ್ಬರೇ ಕೂತಿರುವ ಆ ಮುಖವನ್ನು ನೆನೆದು ಒಳಗೊಳಗೇ ನಕ್ಕೆ. ಇನ್ನೂ ಸ್ವಲ್ಪ ಹೊತ್ತು ಕೊಳೆಯಲಿ ಎನಿಸಿತು. ಒಂದು ವರ್ಷ ಪುಸ್ತಕದಲ್ಲಿ ನಾನು ಬೈದಿದ್ದವನೇ ಈಗ ಕೈಗೆ ಸಿಕ್ಕಿದ್ದ.

ಗೆಳತಿ ಸಾಫ್ಟ್‌ವೇರ್ ತೋರಿಸುತ್ತಿದ್ದಳು. ಚೆನ್ನಾಗಿಯೇ ತೋರಿಸಿದಳು. ಆದರೆ ಬೆಲೆ, ಕರಾರು ಎಂದು ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಾದವರು ಮೇಲಿನ ಮಹಡಿಯಲ್ಲಿದ್ದರು. "ನಮ್ಮ ಮ್ಯಾನೇಜರ್ ಈಗ ಬರುತ್ತಾರೆ" ಎಂದು ಅವಳು ಇಂಗ್ಲಿಷಿನಲ್ಲಿ ಮೂರು ಸಲ ಹೇಳಿದಳು. ಮೂರನೆಯ ಸಲ ಧ್ವನಿ ಒಡೆಯಿತು. ಆಗಲಾದರೂ ನಾನು ಮೆಸೇಜ್ ಹಾಕಬಹುದಿತ್ತು. ಹಾಕಿದೆ ಕೂಡ, ತಡವಾಗಿ. ಅಷ್ಟರಲ್ಲಿ ಆ ಹಿರಿಯರು ನೋಟ್‌ಬುಕ್ ಮುಚ್ಚಿದ್ದರು. ಸಾಹೇಬರು ಕೈ ಚಾಚಿಕೊಂಡು ಇಳಿದು ಬಂದಾಗ ನಾಲ್ವರೂ ಲಿಫ್ಟಿನ ಮುಂದಿದ್ದರು. ಹಿರಿಯರು ಸೊಂಟದವರೆಗೆ ಬಾಗಿ ನಮಸ್ಕರಿಸಿ ಹೊರಟುಹೋದರು.

ವಾರದ ಮೇಲೆ ಬಂದ ಪತ್ರದಲ್ಲಿ ಮರ್ಯಾದೆಯ ಮಾತುಗಳೇ ತುಂಬಿದ್ದವು, ಒಪ್ಪಂದ ಮಾತ್ರ ಇರಲಿಲ್ಲ. "ಹೋಗ್ಲಿ ಬಿಡಿ, ಗ್ರ್ಯಾಂಡ್! ಬೇರೆಯವ್ರು ಬರ್ತಾರೆ" ಎಂದರು ಮ್ಯಾನೇಜರ್, ಏನಾದರೂ ಗ್ರ್ಯಾಂಡ್ ಎನ್ನುವ ಐರಿಷರ ಹಾಗೆಯೇ. ಅವರಿಗೇನು, ಪಾಸ್‌ಪೋರ್ಟೇ ಇಲ್ಲಿಯದು. ಮುಂದಿನ ಯುಗಾದಿಗೂ ಅವರೇ ಮುಖ್ಯ ಅತಿಥಿಯಾದರು, ಎಂದಿನಂತೆ ತಡವಾಗಿ ಬಂದರು.

ಅಷ್ಟರಲ್ಲಿ ಗೆಳತಿಯ ಮೂರು ತಿಂಗಳೂ ಮುಗಿದಿದ್ದವು. ಹೊರಡುವ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಸಾಮಾನು ಕಟ್ಟುತ್ತ ಕೇಳಿದಳು: "ಆ ಅಜ್ಜನೇ ದೊಡ್ಡೋರು ಅಂತ ನಂಗೆ ಹೊಳೀಲೇ ಇಲ್ಲ ಕಣೇ. ನಿಂಗೇನಾದ್ರೂ ಅನ್ನಿಸಿತ್ತಾ?"

"ಇಲ್ಲ" ಎಂದೆ.

"ಅದೇ ಮತ್ತೆ. ಗೊತ್ತಿದ್ದಿದ್ರೆ ನೀನು ಹೇಳ್ದೆ ಇರ್ತಿದ್ಯಾ?" ಎಂದು ತನ್ನ ಕುಕ್ಕರನ್ನು ಒರೆಸಿ ನನ್ನ ಕೈಗೆ ಕೊಟ್ಟಳು. "ಇಟ್ಕೋ. ನಿನ್ನ ಬಿಟ್ರೆ ನಂಗೆ ಇಲ್ಲಿ ಇನ್ಯಾರಿದಾರೆ?"

ನಾನು ಅದನ್ನು ಇಸಿದುಕೊಂಡೆ.