ಬೆಲ್ಲ ತಿನ್ನದ ಕುದುರೆ

ನ್ಯಾಮತಿಯ ನಮ್ಮ ಮನೆ ಪಾಲಾದಾಗ ನಡುಮನೆಗೆ ಅಡ್ಡಲಾಗಿ ಒಂದು ಗೋಡೆ ಎದ್ದಿತು. ಆಚೆ ಮೈದುನನ ಸಂಸಾರ, ಈಚೆ ನಮ್ಮದು. ಅತ್ತೆ ಯಾರ ಕಡೆ ಇರಬೇಕೆಂದು ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಗೋಡೆ ಕಟ್ಟಲು ಗಾರೆಯವರು ಬಂದ ದಿನ ಅವರು ತಮ್ಮ ಹಾಸಿಗೆ ಸುತ್ತಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿಟ್ಟರು, ಅಷ್ಟೇ. ನನಗೆ ಒಳಗೊಳಗೇ ಹಿಗ್ಗು. ನನ್ನ ವಾರಗಿತ್ತಿ ಚನ್ನಗಿರಿಯವಳು, ಮೆತ್ತನೆ ಮಾತಿನವಳು, ಬಣ್ಣದಲ್ಲೂ ನನಗಿಂತ ಒಂದು ಕೈ ಮೇಲು. ಅವಳು ತಟ್ಟಿದ ರೊಟ್ಟಿ ದಿನಾಲೂ ಉಬ್ಬುತ್ತಿತ್ತು, ನನ್ನದು ಮನಸ್ಸು ಬಂದ ದಿನ ಉಬ್ಬುತ್ತಿತ್ತು. ಅಂಥವಳನ್ನು ಬಿಟ್ಟು ಅತ್ತೆ ನನ್ನ ಕಡೆ ಬಂದದ್ದಕ್ಕೆ ಕಾರಣ ನನ್ನ ಸಿನಿಮಾ.

ನನ್ನ ಸಿನಿಮಾ ಎಂದರೆ ನಾನು ತೆಗೆದದ್ದಲ್ಲ, ನೋಡಿದ್ದು. ಎಪ್ಪತ್ತರ ದಶಕದಲ್ಲಿ, ಮದುವೆಗೆ ಮುಂಚೆ, ನಮ್ಮೂರು ಜಗಳೂರಿಗೆ ಟೂರಿಂಗ್ ಟಾಕೀಸ್ ಬಂದು ಡೇರೆ ಹಾಕಿತ್ತು. ಅದರಲ್ಲಿ ಒಂದು ಹಳೆಯ ಹಿಂದಿ ಸಿನಿಮಾ ತಂದು ಹಾಕಿದರು. ಒಬ್ಬ ಕ್ಯಾಪ್ಟನ್ ಬಿಳಿ ಕುದುರೆ ಏರಿ, ಬೆಟ್ಟದ ಗವಿಯಲ್ಲಿ ರಾಣಿಯೊಬ್ಬಳು ಹೂತಿಟ್ಟ ನಿಧಿ ಹುಡುಕಿಕೊಂಡು ಹೋಗುವ ಕಥೆ. ದಾರಿಯಲ್ಲಿ ಹಗ್ಗದ ಸೇತುವೆ, ಒಕ್ಕಣ್ಣಿನ ದರೋಡೆಕೋರ, ಹಾವು ತುಂಬಿದ ಗವಿ. ನಮ್ಮ ಪಕ್ಕದ ಮನೆಯವರು ಉರ್ದು ಮಾತಾಡುವವರಾದ್ದರಿಂದ ನನಗೆ ಹಿಂದಿ ಮುಕ್ಕಾಲು ಪಾಲು ತಿಳಿಯುತ್ತಿತ್ತು. ಡೇರೆ ಊರಲ್ಲಿರುವ ತನಕ ಆ ಮನೆಯ ಹೆಂಗಸರ ಜೊತೆ ಹೋಗಿ ಮತ್ತೆ ಮತ್ತೆ ಅದನ್ನೇ ನೋಡಿದೆ. ನ್ಯಾಮತಿಗೆ ಸೊಸೆಯಾಗಿ ಬಂದಾಗ ತವರಿನಿಂದ ತಂದ ಪಾತ್ರೆ ಪಡಗ ಎಲ್ಲರ ಮನೆಯಲ್ಲೂ ಇದ್ದವೇ. ಆ ಕಥೆ ಮಾತ್ರ ನನ್ನೊಬ್ಬಳ ಹತ್ತಿರ ಇತ್ತು.

ಅತ್ತೆ ಜನ್ಮದಲ್ಲಿ ಸಿನಿಮಾ ನೋಡಿದವರಲ್ಲ. ಮಾವ ಇರುವ ತನಕ ಬಿಡಲಿಲ್ಲ, ಅವರು ಹೋದ ಮೇಲೆ ಇವರಿಗೇ ಮನಸ್ಸು ಬರಲಿಲ್ಲ. ಗೋಡೆ ಏಳುವ ಮುಂಚೆ, ಮನೆ ಒಂದೇ ಇದ್ದಾಗ, ಮಧ್ಯಾಹ್ನ ಊಟವಾದ ಮೇಲೆ ಬಿತ್ತನೆಗೆಂದು ಶೇಂಗಾ ಸುಲಿಯಲು ಮೊರ ಹಿಡಿದು ಕೂತರೆ, 'ಹೇಳೇ ನಿನ್ನ ಕ್ಯಾಪ್ಟನ್ನಿಂದು' ಎನ್ನುವರು. ನಾನು ಶುರು ಮಾಡುತ್ತಿದ್ದೆ. ಎದುರು ಮನೆಯ ಟೈಲರ್ ಹೆಂಡತಿ ಬಂದು ಕೂರುವಳು, ಹೂವಿನ ಬುಟ್ಟಿ ಇಳಿಸಿ ಹೂವಿನವಳು ಕೂರುವಳು. ಸಂತೆಗೆ ಬಂದವರೂ ಬಾಗಿಲಲ್ಲಿ ನಿಂತು ಕೇಳುವರು. ವಾರಗಿತ್ತಿ ಮಾತ್ರ ಒಳಗೆ ಒಲೆ ಮುಂದೆ ಇರುತ್ತಿದ್ದಳು. ಕಥೆ ಹೇಳುವವಳು ನಾನು ಅಂದ ಮೇಲೆ ಸಂಜೆಯ ಅಡುಗೆ ಇನ್ನೊಬ್ಬರು ನೋಡಬೇಕಲ್ಲ.

ಅತ್ತೆ ಸುಮ್ಮನೆ ಕೇಳುವವರಲ್ಲ. ಕ್ಯಾಪ್ಟನ್ ಕುದುರೆ ಓಡಿಸಿಕೊಂಡು ಬೆಟ್ಟದ ಬುಡ ತಲುಪಿದನೆಂದರೆ ಸಾಕು, ಕೈಯಲ್ಲಿದ್ದ ಶೇಂಗಾ ಕೆಳಗಿಡುವರು.

"ಅಲ್ಲಾ ಕಣೆ, ಮುಂಜಾನಿಂದ ಓಡೈತಲ್ಲ ಆ ಕುದುರೆ, ಅದಕ್ಕೇನಾದ್ರೂ ತಿನ್ನಾಕೆ ಕೊಟ್ನೋ ಇಲ್ವೋ?"

ಸಿನಿಮಾದಲ್ಲಿ ಕೊಟ್ಟಿರಲಿಲ್ಲ. ಆದರೆ ಹಸಿದ ಕುದುರೆಯನ್ನು ಬಿಟ್ಟು ಅತ್ತೆ ಮುಂದಕ್ಕೆ ಬರುವವರಲ್ಲ. "ಕೊಟ್ಟ ಅತ್ತೆ. ಜೇಬಿನಾಗಿಂದ ಒಂದು ಅಚ್ಚು ಬೆಲ್ಲ ತೆಗೆದು ಅಂಗೈಮೇಲೆ ಇಟ್ಟು ತಿನ್ನಿಸ್ದ" ಎಂದೆ. ಅವತ್ತಿನಿಂದ ಬೆಲ್ಲ ಕಥೆಯೊಳಗೆ ಬಂದು ಕೂತಿತು. ನನಗೇನೂ ನಾಚಿಕೆಯಿಲ್ಲ. ಸಿನಿಮಾ ತೆಗೆದವರು ಮರೆತದ್ದನ್ನು ನಾನು ನೋಡಿಕೊಂಡೆ. ಆಮೇಲೆ ಒಂದು ದಿನ ಅವಸರದಲ್ಲಿ ಬೆಲ್ಲ ಬಿಟ್ಟು ಮುಂದೆ ಹೋದರೆ ಹೂವಿನವಳೇ ತಡೆದು, "ಅಕ್ಕಾರೆ, ಬೆಲ್ಲ ತಿನ್ನಿಸ್ರಿ ಮೊದ್ಲು" ಎಂದಳು. ಒಕ್ಕಣ್ಣನನ್ನು ಕೊನೆಗೆ ಕ್ಷಮಿಸಿದ್ದು ಸರಿಯೋ ತಪ್ಪೋ ಎಂದು ಅವಳಿಗೂ ಟೈಲರ್ ಹೆಂಡತಿಗೂ ಜಗಳವಾಗಿ, ಇಬ್ಬರೂ ಕೆಲವು ದಿನ ಮಾತು ಬಿಟ್ಟಿದ್ದೂ ಉಂಟು. ಹೀಗೆ ಆ ಸಿನಿಮಾ ನೋಡದೆಯೇ ಅದಕ್ಕೆ ಪ್ರಾಣ ಬಿಡುವ ಅಭಿಮಾನಿಗಳು ನಮ್ಮ ಓಣಿಯಲ್ಲಿ ಹುಟ್ಟಿಕೊಂಡರು.

ಗೋಡೆ ಎದ್ದ ಮೇಲೂ ಇದೆಲ್ಲ ನಮ್ಮ ಪಡಸಾಲೆಯಲ್ಲೇ ನಡೆಯುತ್ತಿತ್ತು. ಕೆಡಿಸಿದ್ದು ಟೀವಿ.

ವಾರಗಿತ್ತಿಗೆ ಮಗಳು ಹುಟ್ಟಿದಾಗ ಚನ್ನಗಿರಿಯಿಂದ ಅವಳ ಅಪ್ಪ ತೊಟ್ಟಿಲ ಜೊತೆ ಟೀವಿಯನ್ನೂ ಕಳಿಸಿದರು. ತೊಟ್ಟಿಲು ಸರಿ, ಅದು ಪದ್ಧತಿ. ಟೀವಿ ಯಾವ ಪದ್ಧತಿ? ಮೈದುನ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವುದು, ಕೆಳಗಿನಿಂದ ಅವಳು, "ಬಂತ್ರೀ, ಹೋತ್ರೀ, ಬಂತ್ರೀ" ಎಂದು ಕೂಗುವುದು ಓಣಿಗೆಲ್ಲ ಕೇಳುತ್ತಿತ್ತು. ಸಂತೆಗೆ ಬಂದ ಗೋವಿನಕೋವಿ ಹಳ್ಳಿಯ ಜನ ಕೂಡ ಆಂಟೆನಾ ನೋಡಿ ಅವರ ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು. ನನಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತೆ ಆಗುತ್ತಿತ್ತು.

ಅತ್ತೆ ಮೊದಲು, "ಏನೋ ತಂದಾರಂತೆ, ನೋಡ್ಕಂಡು ಬರ್ತೀನಿ" ಎಂದು ಹೋದರು. ಆಮೇಲೆ ಕೂಸನ್ನು ಆಡಿಸುವ ನೆಪ ಸಿಕ್ಕಿತು. ಬರಬರುತ್ತ ನೆಪವೂ ಬೇಕಾಗಲಿಲ್ಲ. ಶೇಂಗಾದ ಮೊರವನ್ನೂ ಆ ಕಡೆಗೇ ಒಯ್ದರು. ಭಾನುವಾರ ಬೆಳಗ್ಗೆ ಟೀವಿ ಮುಂದೆ ಕೂತವರಿಗೆ ಅವಳು ಒಗ್ಗರಣೆ ಮಂಡಕ್ಕಿ ಕೊಡುವಳು, ಮಧ್ಯಾಹ್ನದ ಊಟವನ್ನೂ ಅಲ್ಲೇ ಮಾಡಿಸಿ ಕಳಿಸುವಳು. ಟೈಲರ್ ಹೆಂಡತಿ, ಹೂವಿನವಳು, ಎಲ್ಲರೂ ನನ್ನ ಬಾಗಿಲು ದಾಟಿಕೊಂಡೇ ಆ ಬಾಗಿಲಿಗೆ ಹೋಗುತ್ತಿದ್ದರು. ದಾಟುವಾಗ ನನ್ನ ಕಡೆ ನೋಡಿ ನಕ್ಕು ಹೋಗುತ್ತಿದ್ದರು, ಅದು ಇನ್ನೂ ಉರಿ.

"ಕಣ್ಣು ಹಾಳಾಗ್ತವಂತೆ ಅತ್ತೆ, ಅದನ್ನ ನೋಡಿದ್ರೆ" ಎಂದು ಒಂದು ದಿನ ಹೇಳಿದೆ.

"ಹಾಳಾಗಾಕೆ ಇನ್ನೇನು ಉಳಿದೈತೆ ಇವು" ಎಂದು ಸೆರಗು ಹೊದ್ದು ಹೊರಟರು.

ನಾನು ಆ ಕಡೆ ಕಾಲಿಡಲಿಲ್ಲ. ಗೋಡೆಗೆ ಕಿವಿ ಕೊಟ್ಟು ಕೂತಿರುತ್ತಿದ್ದೆ. ಆಚೆ ಅತ್ತೆ ನಗುವುದು ಕೇಳುತ್ತಿತ್ತು. ಹಿಂದಿ ಒಂದಕ್ಷರ ತಿಳಿಯದವರು ಏನು ಕೇಳಿ ನಗುತ್ತಾರೆ ಎಂದು ಸಿಟ್ಟು ಬರುತ್ತಿತ್ತು. ಇನ್ನು ಹಾಸಿಗೆಯೊಂದು ಆ ಕಡೆ ಹೋಗುವುದು ಬಾಕಿ, ಅದು ಯಾವ ದಿನವಾದರೂ ಹೋಗಬಹುದು ಎಂದು ನನಗೆ ಅನಿಸತೊಡಗಿತ್ತು. ಅತ್ತೆ ಹೋದರೆ ಮನೆಯಲ್ಲಿ ಉಳಿಯುವುದು ನಾನು, ಮಾತಾಡದ ಗಂಡ. ಕಥೆ ಯಾರಿಗೆ ಹೇಳಲಿ? ಗಂಡನಿಗೆ ಒಮ್ಮೆ ಶುರು ಮಾಡಿದ್ದೆ, ಕ್ಯಾಪ್ಟನ್ನನ ಕುದುರೆ ಇನ್ನೂ ಎರಡು ಹೆಜ್ಜೆ ಇಡುವ ಮೊದಲೇ ಗೊರಕೆ ಕೇಳಿಸಿತು.

ಹೀಗಿರುವಾಗ ವಾರಗಿತ್ತಿ ಒಂದು ಬೆಳಗ್ಗೆ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದಳು. ಅವಳ ಮುಖ ಅರಳಿತ್ತು.

"ಅಕ್ಕ, ಬರೋ ಭಾನುವಾರ ಟೀವಿಯಾಗೆ ನಿಮ್ಮ ಸಿನಿಮಾ ಬರ್ತೈತೆ. ಮುಂದಿನ ವಾರದ್ದು ಅಂತ ಸ್ವಲ್ಪ ತೋರಿಸಿದ್ರು. ಕುದುರೆ, ಕ್ಯಾಪ್ಟನ್, ಒಕ್ಕಣ್ಣ, ಎಲ್ಲ ಐತೆ. ನೀವು ಬರ್ಲೇಬೇಕು. ಹಿಂದಿ ಹೇಳಾಕೆ ನಮಗ್ಯಾರು ಅದಾರೆ?"

ಅವಳ ಮೇಲಿದ್ದ ಸಿಟ್ಟು ಆ ಗಳಿಗೆಗೆ ಎಲ್ಲಿ ಹೋಯಿತೋ. ಟೀವಿಯ ಮುಂದೆ ನಾನು ಕೂತು, ಅತ್ತೆಗೆ ಒಂದೊಂದು ಮಾತನ್ನೂ ಬಿಡಿಸಿ ಹೇಳುವುದು, ನಾನು ಇಷ್ಟು ವರ್ಷ ಹೇಳಿದ್ದೆಲ್ಲ ನಿಜವೆಂದು ಅವರು ಕಣ್ಣಾರೆ ಕಾಣುವುದು, ಆಮೇಲೆ ನನ್ನ ಜೊತೆ ಎದ್ದು ಬರುವುದು, ಇಷ್ಟೂ ನನ್ನ ತಲೆಯಲ್ಲಿ ಓಡಿತು. ಭಾನುವಾರ ಇಸ್ತ್ರಿ ಮಾಡಿದ ಸೀರೆ ಉಟ್ಟು, ಎಲ್ಲರಿಗಿಂತ ಮೊದಲು ಹೋಗಿ ಅತ್ತೆಯ ಪಕ್ಕದ ಜಾಗ ಹಿಡಿದೆ.

ಬಂದದ್ದು ಸಿನಿಮಾ ಅಲ್ಲ. ವಾರವಾರ ನಗಿಸಲೆಂದು ಬರುವ ಧಾರಾವಾಹಿ ಒಂದಿತ್ತು, ಅದರವರು ಆ ಸಿನಿಮಾವನ್ನು ಹಿಡಿದು ತಮಾಷೆ ಮಾಡಿದ್ದರು. ಕ್ಯಾಪ್ಟನ್‌ಗೆ ಹೊಟ್ಟೆ ಬಂದಿತ್ತು. ಬಿಳಿ ಕುದುರೆ ಎಂದರೆ ಕಂಬಳಿಯೊಳಗೆ ಬಗ್ಗಿ ನಿಂತ ಇಬ್ಬರು ಗಂಡಸರು, ಮುಂದಿನವನು ಒಂದು ಕಡೆ ಎಳೆದರೆ ಹಿಂದಿನವನು ಇನ್ನೊಂದು ಕಡೆ. ಹಗ್ಗದ ಸೇತುವೆ ಎರಡು ಕುರ್ಚಿಗೆ ಕಟ್ಟಿದ ಬಟ್ಟೆ ಒಣಹಾಕುವ ಹಗ್ಗ. ಗವಿಯ ಹಾವುಗಳು ಸೈಕಲ್ ಟ್ಯೂಬು. ಒಕ್ಕಣ್ಣ ಕಪ್ಪು ಪಟ್ಟಿಯನ್ನು ಒಮ್ಮೆ ಈ ಕಣ್ಣಿಗೆ, ಒಮ್ಮೆ ಆ ಕಣ್ಣಿಗೆ ಸರಿಸಿಕೊಳ್ಳುತ್ತಿದ್ದ. ಬಿಡಿಸಿ ಹೇಳಲು ಏನಿತ್ತು ಅದರಲ್ಲಿ?

ಟೈಲರ್ ಹೆಂಡತಿ ಬಿದ್ದು ಬಿದ್ದು ನಕ್ಕಳು. "ಒಕ್ಕಣ್ಣನಿಗೆ ಹಿಂಗೇ ಆಗ್ಬೇಕಿತ್ತು" ಎಂದಳು. ಹೂವಿನವಳಿಗೆ ರೇಗಿಹೋಯಿತು.

"ಏನ್ ನಗ್ತೀಯ? ಅಂಥಾ ಕ್ಯಾಪ್ಟನ್ನ ತಂದು ಹಿಂಗೆ ಕೋಡಂಗಿ ಮಾಡ್ಯಾರಲ್ಲ, ಇವರ ಕೈ ಸೇದಿಹೋಗ!"

"ತಮಾಷೆಗೆ ಮಾಡ್ಯಾರೆ ಬಿಡು."

"ತಮಾಷೆ ಮಾಡಾಕೆ ಬೇರೆ ಕಥೆ ಸಿಗ್ಲಿಲ್ವಾ? ನಮ್ದೇ ಬೇಕಿತ್ತಾ?"

ಅತ್ತೆಯ ಕಣ್ಣು ಮಾತ್ರ ಕುದುರೆಯ ಮೇಲೇ ಇತ್ತು. ಕಂಬಳಿ ಕುದುರೆ ಬೆಟ್ಟದ ಬುಡಕ್ಕೆ ಬಂದು ನಿಂತಿತು. ಅತ್ತೆ ಮುಂದಕ್ಕೆ ಬಾಗಿದರು. ಕ್ಯಾಪ್ಟನ್ ಕುದುರೆಯ ಬೆನ್ನಿಗೊಂದು ಗುದ್ದಿ ಮುಂದಕ್ಕೆ ಹೋದ. ಅತ್ತೆ ನನ್ನ ಕಡೆ ತಿರುಗಿದರು.

"ಬೆಲ್ಲ ಎಲ್ಲಿ?"

ವಾರಗಿತ್ತಿಯೂ ನನ್ನ ಮುಖ ನೋಡಿದಳು.

"ಬೆಲ್ಲ ಕೊಡ್ಲೇ ಇಲ್ಲ ಅದಕ್ಕೆ!" ಅತ್ತೆಯ ದನಿ ಏರಿತು. "ನಮ್ಮ ಪಡಸಾಲ್ಯಾಗೆ ನನ್ನ ಸೊಸೆ ಹೇಳ್ತಿದ್ದುದ್ನ ಯಾರೋ ಅರ್ಧಮರ್ಧ ಕೇಳಿಸ್ಕಂಡು ಹೋಗಿ ಅಣಕ ಮಾಡ್ಯಾರೆ. ಸಂತೆಗೆ ಬಂದೋರು ಬಾಗಿಲಾಗೆ ನಿಂತ್ಕಂತಿದ್ರಲ್ಲ, ಅವರೇ ಯಾರೋ ಹೋಗಿ ಹೇಳ್ಯಾರೆ!"

ಅಯ್ಯೋ ಅತ್ತೆ, ಹಾಗಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಆಕಾಶ ಮೂರೇ ಗೇಣು ಎನ್ನುತ್ತಾರಲ್ಲ, ಹಾಗಾಯಿತು ನನಗೆ. ಟೀವಿಯವರು ನನ್ನ ಕಥೆ ಕದ್ದು ಕೆಡಿಸಿದ್ದಾರೆಂದು ಅತ್ತೆ ಟೀವಿಯ ಎದುರಿಗೇ, ವಾರಗಿತ್ತಿಯ ಎದುರಿಗೇ ಬೈಯುತ್ತಿದ್ದರು. "ಅತ್ತೆ, ಅದು ಹಂಗಲ್ಲ, ತಮಾಷೆಗೆ..." ಎಂದು ವಾರಗಿತ್ತಿ ಏನೋ ಹೇಳಹೋದಳು. "ನಿಂಗೇನು ಗೊತ್ತೈತೆ, ಸುಮ್ನಿರು" ಎಂದು ಅತ್ತೆ ಬಾಯಿ ಮುಚ್ಚಿಸಿದರು. ಆ ಮಾತು ಕೇಳಿ ನನಗೆ ಮಂಡಕ್ಕಿ ಕೂಡ ರುಚಿಯೆನಿಸಿತು.

"ಬರ್ರಿ ಅತ್ತೆ, ಮನಿಗೆ ಹೋಗಾನ" ಎಂದೆ. "ನಾನು ಸರಿಯಾದ್ದು ಹೇಳ್ತೀನಿ, ಬೆಲ್ಲ ಕೊಡೋದರಿಂದ ಹಿಡ್ದು."

ಅತ್ತೆ ಏಳಲೆಂದು ಮೊಣಕಾಲ ಮೇಲೆ ಕೈ ಊರಿದರು. ಟೈಲರ್ ಹೆಂಡತಿ, ಹೂವಿನವಳು ಕೂಡ ಎದ್ದರು. ಆಗ ವಾರಗಿತ್ತಿ ಹೋಗಿ ಟೀವಿ ಆರಿಸಿದಳು. ಧಾರಾವಾಹಿ ಇನ್ನೂ ಮುಗಿದಿರಲಿಲ್ಲ. ಟೀವಿಯ ಮೇಲೆ ಕಸೂತಿಯ ಬಟ್ಟೆ ಎಳೆದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತೆಯ ಎದುರು ಕೂತಳು.

"ಕ್ಯಾಪ್ಟನ್ ಮನೆ ಬಿಟ್ಟಾಗ ಇನ್ನೂ ಬೆಳಕು ಹರಿದಿರ್ಲಿಲ್ಲ" ಎಂದಳು. "ಅವನ ಅವ್ವ ಎದ್ದು ರೊಟ್ಟಿ ಬಡಿತಿದ್ಲು."

ಅವ್ವ? ನಾನು ಕಣ್ಣು ಬಿಟ್ಟು ನೋಡಿದೆ. ಸಿನಿಮಾದಲ್ಲಿ ಕ್ಯಾಪ್ಟನ್‌ಗೆ ತಾಯಿ ಇಲ್ಲ. ನನ್ನ ಕಥೆಯಲ್ಲೂ ಇಲ್ಲ. ನನ್ನ ಕ್ಯಾಪ್ಟನ್ ಶುರುವಿನಲ್ಲೇ ಕುದುರೆಯ ಮೇಲೆ ಇರುತ್ತಾನೆ. ಇವಳು ಅವನನ್ನು ಮನೆಯಿಂದಲೇ ಹೊರಡಿಸಿದ್ದಳು. ಗೋಡೆ ಏಳುವ ಮುಂಚೆ ಒಲೆ ಮುಂದೆ ರೊಟ್ಟಿ ತಟ್ಟುತ್ತ ಅಷ್ಟು ವರ್ಷ ಅವಳು ನನ್ನ ಕಥೆ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು ಸುಮ್ಮನಿರಲಿಲ್ಲ, ಒಳಗೇ ಅದನ್ನು ಬೆಳೆಸಿಕೊಂಡಿದ್ದಳು.

"ಬುತ್ತಿ ಕಟ್ಟಿಕೊಟ್ಲು. ಅವನು ಬಾಗಿಲು ದಾಟಿದ ಮೇಲೆ ಮತ್ತೆ ಕರೆದ್ಲು. ಸೆರಗಿನ ತುದಿಯಾಗೆ ಒಂದು ಅಚ್ಚು ಬೆಲ್ಲ ಗಂಟು ಹಾಕಿದ್ಲು, ಬಿಚ್ಚಿ ಕೊಟ್ಲು. 'ನೀ ಎಲ್ಲೋ ಉಂಡ್ಕಂತೀಯ ಮಗಾ. ಅದು ಬಾಯಿಲ್ಲದ್ದು, ಅದಕ್ಕೆ ಕೊಡು' ಅಂದ್ಲು."

ಅತ್ತೆ ಊರಿದ ಕೈಯನ್ನು ತೆಗೆದರು. ಮತ್ತೆ ಸರಿಯಾಗಿ ಕೂತರು.

"ಆ ಬೆಲ್ಲ ಅವ್ವ ಕೊಟ್ಟಿದ್ದಾ?"

"ಹೂಂ ಅತ್ತೆ. ಇಲ್ಲಾಂದ್ರೆ ಗಂಡ್ಸಿನ ಜೇಬಿನಾಗೆ ಬೆಲ್ಲ ಎಲ್ಲಿಂದ ಬರ್ತೈತೆ?"

ಎದ್ದು ನಿಂತಿದ್ದವರು ಒಬ್ಬೊಬ್ಬರಾಗಿ ಕೂತರು. ಅವಳು ನನ್ನ ಹಾಗೆ ಕೈ ಬೀಸಿ ಹೇಳುತ್ತಿರಲಿಲ್ಲ. ಕೂಸಿನ ತಲೆ ನೇವರಿಸುತ್ತ, ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದಳು. ಬೆಟ್ಟದ ಬುಡದಲ್ಲಿ ಕುದುರೆ ಬೆಲ್ಲ ತಿಂದಿತು. ಅಲ್ಲಿ ಅವಳು ಕ್ಯಾಪ್ಟನ್ನನ್ನು ಬಿಟ್ಟು ಕಥೆಯನ್ನು ಅವನ ಊರಿಗೆ ವಾಪಸು ತಂದಳು. ಅವನ ಮುದಿ ಅವ್ವ ಸಂಜೆ ದೀಪ ಹಚ್ಚಿ ಹೊಸಿಲ ಮೇಲೆ ಕೂತಿದ್ದಾಳೆ, ದಾರಿಯಲ್ಲಿ ಯಾವುದೇ ಗೊರಸಿನ ಸದ್ದಾದರೂ ಏಳುತ್ತಾಳೆ. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಕಥೆಗೆ ಅವರು ನಕ್ಕಿದ್ದಾರೆ, ಬೈದಿದ್ದಾರೆ, ಪ್ರಶ್ನೆ ಕೇಳಿದ್ದಾರೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಅತ್ತಿರಲಿಲ್ಲ.

ಟೀವಿಯ ಮೇಲೆ ನಾನು ಪಟ್ಟ ಹೊಟ್ಟೆಕಿಚ್ಚು ಇದರ ಮುಂದೆ ಏನೂ ಅಲ್ಲ. ಟೀವಿ ಅವಳ ಅಪ್ಪನದು, ಬಣ್ಣ ಅವಳ ಅವ್ವನದು. ಇದು ನನ್ನದು, ನನ್ನದೇ ಕಥೆ. ಅದನ್ನು ನನ್ನ ಕಣ್ಣೆದುರಿಗೇ ನನಗಿಂತ ಚೆನ್ನಾಗಿ ಹೇಳುತ್ತಿದ್ದಳು. ತಡೆಯಲಾಗಲಿಲ್ಲ.

"ಸಿನಿಮಾದಾಗೆ ಅವ್ವ ಇಲ್ಲ ಅತ್ತೆ" ಎಂದೆ. "ನಾನು ಕಣ್ಣಾರೆ ನೋಡೀನಿ. ಇವಳು ನೋಡೇ ಇಲ್ಲ."

ಅತ್ತೆ ನನ್ನ ಕಡೆ ಪೂರ್ತಿ ತಿರುಗಲೂ ಇಲ್ಲ.

"ಅವ್ವ ಇಲ್ದೆ ಎಲ್ಲಿಗೆ ಹೋಗ್ತಾಳೆ? ಇದ್ದೇ ಇರ್ತಾಳೆ. ನಿನ್ನ ಕಣ್ಣಿಗೆ ಬಿದ್ದಿಲ್ಲ ಅಷ್ಟೆ."

ವಾರಗಿತ್ತಿ ನನ್ನ ಮುಖ ನೋಡಿ ತಡೆದಳು. "ಅಕ್ಕ, ಇನ್ಮುಂದೆ ಸೇತುವೆ ಬರ್ತೈತೆ. ನೀವೇ ಹೇಳ್ರಿ" ಎಂದಳು. ಅವಳಲ್ಲಿ ಕಪಟ ಇರಲಿಲ್ಲ, ಅದನ್ನು ಈಗಲೂ ಹೇಳುತ್ತೇನೆ, ಸಂಕಟಪಟ್ಟುಕೊಂಡೇ ಹೇಳುತ್ತೇನೆ. ನಾನು ಬಾಯಿ ತೆರೆದೆ. ಹಗ್ಗದ ಸೇತುವೆ ಹೇಗೆ ತೂಗುತ್ತದೆ, ಯಾವ ಹಲಗೆ ಮೊದಲು ಮುರಿಯುತ್ತದೆ, ಎಲ್ಲ ನನಗೆ ಬಾಯಿಪಾಠ.

"ನೀನೇ ಹೇಳೇ" ಎಂದು ಅತ್ತೆ ಅವಳಿಗೆ ಹೇಳಿದರು. ನನ್ನ ಸೆರಗು ಹಿಡಿದು ಜಗ್ಗಿದರು. "ಕುಂದ್ರು, ಕೇಳು."

ಎದ್ದು ಹೋಗಬೇಕಿತ್ತು, ಬಾಗಿಲು ಎರಡು ಹೆಜ್ಜೆ ದೂರದಲ್ಲಿತ್ತು. ಕೂತೆ. ಕ್ಯಾಪ್ಟನ್ ಸೇತುವೆ ದಾಟುತ್ತಾನೆಂದು ನನಗೆ ಗೊತ್ತಿತ್ತು. ಹೊಸಿಲ ಮೇಲೆ ಕೂತ ಆ ಮುದುಕಿ ಏನಾದಳೆಂದು ಗೊತ್ತಿರಲಿಲ್ಲ.