ಕೊನೆಯ ಗುಂಡಿ ನೀವೇ ಒತ್ತಿ

ನಮ್ಮ ಬೀದಿಯಲ್ಲಿ ನನ್ನ ಗಂಡನಿಗೆ 'ನೀವೇ ಒತ್ತಿ' ಎಂದೇ ಹೆಸರು. ಕಂಪ್ಯೂಟರ್ ರಿಪೇರಿ ಅವರ ಕಸುಬು. ಕೈಕೊಟ್ಟ ಯಂತ್ರದಲ್ಲಿರುವುದನ್ನೆಲ್ಲ ಅಳಿಸಿ, ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡಿಕೊಡುವುದರಲ್ಲಿ ಅವರದು ಎತ್ತಿದ ಕೈ. ಆದರೆ ಕೊನೆಯ ಗುಂಡಿಯನ್ನು ಮಾತ್ರ ಅವರು ಒತ್ತುವುದಿಲ್ಲ. ಯಾರ ಕಂಪ್ಯೂಟರೋ ಅವರೇ ಒತ್ತಬೇಕು.

ಇದಕ್ಕೊಂದು ಕಾರಣವಿದೆ. ಅಂಗಡಿ ಇಟ್ಟ ಹೊಸತರಲ್ಲಿ ಒಬ್ಬ ಫೋಟೋಗ್ರಾಫರ್ 'ಎಲ್ಲ ಅಳಿಸಿ' ಎಂದು ಹೇಳಿ ಹೋಗಿ, ಮರುದಿನ ಬಂದು 'ಎಲ್ಲ ಯಾಕೆ ಅಳಿಸಿದೆ' ಎಂದು ನಡುಬೀದಿಯಲ್ಲಿ ಕೆನ್ನೆಗೆ ಬಾರಿಸಿದ. ಅವತ್ತಿನಿಂದ ನಮ್ಮವರು ಒಂದು ನೋಟ್‌ಬುಕ್ ಇಟ್ಟರು. 'ಇದರಲ್ಲಿ ಬೇಕಾದ್ದು ಏನಾದ್ರೂ ಇದೆಯಾ?' ಎಂದು ಮೂರು ಸಲ ಕೇಳುವುದು, ಗುಂಡಿ ಒತ್ತಿಸುವುದು, 'ಮಾಲೀಕರೇ ಒತ್ತಿದರು' ಎಂದು ಬರೆದುಕೊಳ್ಳುವುದು. ಹದಿನಾರು ವರ್ಷದಲ್ಲಿ ಒಂದೂ ದೂರು ಬಂದಿಲ್ಲ ಎಂದು ಸಿಕ್ಕವರೆದುರೆಲ್ಲ ಕೊಚ್ಚಿಕೊಳ್ಳುತ್ತಾರೆ. ನಾನೂ ಹೆಮ್ಮೆಪಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ.

ಕಳೆದ ತಿಂಗಳು ಒಂದು ಮನೆಯಿಂದ ಕರೆ ಬಂತು. ಕೇಬಲ್ಲಿನ ಚೀಲ ಹೊತ್ತು ನಾನೂ ಹೋದೆ. ನಾಲ್ಕನೇ ಮಹಡಿ, ಕಿರಿದಾದ ಕೋಣೆ, ಕಿಟಕಿಗೆ ಬೆನ್ನು ಹಾಕಿದ ಗಾಲಿಕುರ್ಚಿಯಲ್ಲಿ ಒಬ್ಬ ತಾತ. ಮುದ್ರಣಾಲಯದಲ್ಲಿ ಮೂವತ್ತು ವರ್ಷ ಅಚ್ಚಿನ ತಪ್ಪು ತಿದ್ದಿದವರಂತೆ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಮಾತು ಹೋಗಿತ್ತು, ಬಲಗೈ ಹೋಗಿತ್ತು. ತಲೆ ಸದಾ ಅಲ್ಲಾಡುತ್ತಿತ್ತು. ಹೌದಿಗೂ ಅದೇ, ಇಲ್ಲಕ್ಕೂ ಅದೇ. ಉಳಿದದ್ದು ಎಡಗೈಯ ಒಂದು ಬೆರಳು. ಆ ಬೆರಳಿನಲ್ಲಿ ದಿನಕ್ಕೆ ಒಂದೆರಡರಂತೆ ಇನ್ನೂರು ಚಿಲ್ಲರೆ ವಾಕ್ಯ ಟೈಪ್ ಮಾಡಿ ಇಟ್ಟುಕೊಂಡಿದ್ದರು. ಬೇಕಾದ ವಾಕ್ಯದ ಮೇಲೆ ಮೌಸ್ ಒತ್ತಿದರೆ ಅದು ಪರದೆ ತುಂಬ ದೊಡ್ಡಕ್ಷರದಲ್ಲಿ ಮೂಡುತ್ತಿತ್ತು. ಅದೇ ಅವರ ಬಾಯಿ.

ನಾವು ಒಳಗೆ ಕಾಲಿಡುತ್ತಲೇ ಪರದೆಯಲ್ಲಿ ಮೂಡಿತು: 'ಬನ್ನಿ, ಕುಳಿತುಕೊಳ್ಳಿ.' ಸ್ವಲ್ಪ ಹೊತ್ತು ಬಿಟ್ಟು: 'ಏನು ಕೆಲಸ?'

"ಕಂಪ್ಯೂಟರ್ ಸರಿ ಮಾಡೋಕೆ ಬಂದ್ವಿ ತಾತ," ಎಂದರು ನಮ್ಮವರು.

'ಸರಿಯಾಗಿದೆ.' ಪೂರ್ಣವಿರಾಮ ಸಮೇತ.

ಬಾಗಿಲಲ್ಲಿ ನಿಂತಿದ್ದ ಸೊಸೆ, "ಎಲ್ಲ ತೆಗೆದು ಹೊಸದರ ಥರ ಮಾಡ್ಕೊಡಿ, ಮಗಳಿಗೆ ಓದೋಕೆ ಬೇಕು," ಎಂದಳು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು ನಿಜ ಕಾರಿಕೊಂಡಳು. "ನಮ್ಮನೆಯವರ ಸಾಹೇಬ್ರು ಬಂದಿದ್ರು. ಅವರೆದುರಿಗೆ ಈ ಮುದುಕ ಏನು ಒತ್ತಬೇಕು ಹೇಳಿ? 'ಮೂರು ದಿನದಿಂದ ನನಗೆ ಸ್ನಾನ ಮಾಡಿಸಿಲ್ಲ.' ಇಷ್ಟಿಷ್ಟು ದಪ್ಪ ಅಕ್ಷರದಲ್ಲಿ. ಹೇಲು ಉಚ್ಚೆ ಬಾಚೋಳೂ ನಾನು, ಮಾನ ಕಳ್ಕೊಳ್ಳೋಳೂ ನಾನಾ?"

"ಸುಳ್ಳು ಹೇಳಿದ್ರಾ?" ಎಂದೆ.

"ಮೂರಲ್ಲ, ಎರಡೇ ದಿನ," ಎಂದಳು.

ನಾನು ಹೊರಬಂದು ನಮ್ಮವರ ಕಿವಿಯಲ್ಲಿ, "ರೀ, ಚೀಲದಲ್ಲಿ ಪೆನ್‌ಡ್ರೈವ್ ಇದೆ. ಆ ವಾಕ್ಯಗಳನ್ನ ಕಾಪಿ ಮಾಡ್ಕೊಳ್ಳಿ, ಎರಡು ನಿಮಿಷದ ಕೆಲಸ," ಎಂದೆ.

"ಅವರು ಹೇಳದೆ ಮುಟ್ಟಬಾರದು ಕಣೇ. ನಾಳೆ ಕಳ್ಳ ಅಂತಾರೆ."

ತಾತನ ಬೆರಳಿನಡಿಯಿಂದ ಮೌಸ್ ಎಳೆದುಕೊಂಡು, ವಾಕ್ಯಗಳ ಫೈಲ್ ಮುಚ್ಚಿದರು. ಎಲ್ಲವನ್ನೂ ಅಳಿಸಬೇಕೇ ಎಂದು ಪರದೆ ಕೇಳಿತು. ನಮ್ಮವರು ಸೊಂಟ ಬಗ್ಗಿಸಿ ಬಲು ಮರ್ಯಾದೆಯಿಂದ, "ತಾತ, ಇದರಲ್ಲಿ ಬೇಕಾದ್ದು ಏನಾದ್ರೂ ಇದೆಯಾ?" ಎಂದರು. ಮೌಸ್ ಇದ್ದ ಜಾಗದಲ್ಲಿ ತಾತನ ಬೆರಳು ಮೇಜನ್ನು ಕೆರೆಯಿತು. ಅಳಿಸುವುದು ಬೇಡ ಎನ್ನಲು ಅವರ ಬಳಿ ಮಾತಿತ್ತು. ಅದು ಮುಚ್ಚಿದ ಫೈಲಿನೊಳಗಿತ್ತು. ಮೂರು ಸಲ ಕೇಳಿದರು. ಮೂರು ಸಲವೂ ತಲೆ ಅಲ್ಲಾಡಿತು.

"ಏನೂ ಇಲ್ವಂತೆ ನೋಡಿ," ಎಂದ ಅಷ್ಟು ಹೊತ್ತೂ ಕುರ್ಚಿಯ ಹಿಂದೆ ನಿಂತಿದ್ದ ತಾತನ ಮಗ. ಅಪ್ಪನ ಎಡಗೈ ಹಿಡಿದ. ಬೆರಳು ಮಡಚಿಕೊಂಡಿತು. ಬಿಡಿಸಿದ. ಮತ್ತೆ ಮಡಚಿಕೊಂಡಿತು. "ಒತ್ತಪ್ಪ, ಹಟ ಮಾಡಬೇಡ," ಎನ್ನುತ್ತ ಮತ್ತೆ ಬಿಡಿಸಿ ಗುಂಡಿಯ ಮೇಲೆ ಅದುಮಿದ. ತಾತನ ಗಂಟಲಲ್ಲಿ ಏನೋ ಗೊರಗುಟ್ಟಿತು. ನಮ್ಮವರು ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಮಾಲೀಕರೇ ಒತ್ತಿದರು.

ನನಗೆ ಬಾಯಿತ್ತು. ಅಂಗಡಿಗೆ ಜಗಳಕ್ಕೆಂದು ಬಂದವರು ನನ್ನ ಬಾಯಿಗೆ ಹೆದರಿ ಹಿಂದಿರುಗಿದ್ದುಂಟು. ಅಲ್ಲಿ ಮಾತ್ರ ಸೊಸೆ ಕೊಟ್ಟ ಟೀ ಕುಡಿಯುತ್ತ, ಪರದೆಯ ಅಂಕಿ ನೂರಕ್ಕೆ ಏರುವುದನ್ನೇ ನೋಡುತ್ತ ಕೂತಿದ್ದೆ. ನನ್ನ ಬಾಯಿಗೆ ಮಣ್ಣು ಹಾಕ.

ಮುಕ್ಕಾಲು ಗಂಟೆಗೆ ಕಂಪ್ಯೂಟರ್ ಹೊಸದಾಗಿ ಎದ್ದಿತು. ಮೊದಲು ಭಾಷೆ ಕೇಳಿತು, ನಮ್ಮವರು ಆರಿಸಿದರು. ಆಮೇಲೆ ಹೆಸರು ಕೇಳಿತು. ಲೋಟ ಎತ್ತಿಡುವ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ. ತಾತ ಬೆರಳನ್ನು ಕೀಬೋರ್ಡಿನವರೆಗೆ ತಳ್ಳಿಕೊಂಡು ಹೋಗಿ, ಆ ಖಾಲಿ ಚೌಕದಲ್ಲಿ ಒಂದೊಂದೇ ಅಕ್ಷರ ಒತ್ತಿದ್ದರು. 'ಬೇಡ.' ಪೂರ್ಣವಿರಾಮ ಮರೆತಿರಲಿಲ್ಲ.

"ಇದೊಂದು ಬೇರೆ," ಎಂದು ಸೊಸೆ ಅದನ್ನು ಅಳಿಸಿ ಮಗಳ ಹೆಸರು ಹಾಕಿದಳು. ಕಂಪ್ಯೂಟರನ್ನು ಮಗಳ ಕೋಣೆಗೆ ನಮ್ಮವರೇ ಹೊತ್ತು ಇಟ್ಟುಕೊಟ್ಟರು. ತಾತನ ಮುಂದೆ ಬರೀ ಮೇಜು ಉಳಿಯಿತು, ಧೂಳಿನ ನಡುವೆ ಕೀಬೋರ್ಡಿನಷ್ಟು ಚೊಕ್ಕಟ ಜಾಗ.

ಚೀಲ ಹೊತ್ತು ನಮ್ಮವರಿಗಿಂತ ಮುಂದಾಗಿ ಮೆಟ್ಟಿಲಿಳಿದೆ.

"ಯಾಕೆ ಮುಖ ಊದಿಸ್ಕೊಂಡಿದ್ದೀಯ? ಎಲ್ಲ ಕ್ರಮವಾಗೇ ಮಾಡಿದೀನಿ. ದೂರು ಬರಲ್ಲ ಬಿಡು," ಎಂದರು.

ಅವರು ಹೇಳಿದ್ದು ನಿಜ. ತಿಂಗಳು ಕಳೆಯಿತು. ದೂರು ಬಂದಿಲ್ಲ.