ಎರಡು ಸಲ ಕೇಳದ ಮನುಷ್ಯ

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಗಲ್ಲೆಯ ಮುಂದೆ ಗಂಡ ಕೂರುತ್ತಾರೆ, ಬಡಿಸುವುದು ನಾನು. ಬಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ. ಗಿರಾಕಿ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು "ಸಾಕ್ರೀ ಅಕ್ಕಾ" ಎಂದರೂ ಕೈಯ ಕೆಳಗಿನಿಂದ ರೊಟ್ಟಿ ತೂರಿಸುವ ಕಲೆ ನನಗೆ ಗೊತ್ತು. ಅವನೂ ಬೈದ ಹಾಗೆ ಮಾಡಿ ತಿಂದೇ ತಿನ್ನುತ್ತಾನೆ.

ಈಚೆಗೆ ಮಾತ್ರ ಯಾರಾದರೂ "ಸಾಕು" ಎಂದರೆ ರೊಟ್ಟಿ ಹಿಡಿದ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ. ಖರೇನೇ ಸಾಕೇ ಎಂದು ಮುಖ ನೋಡುತ್ತೇನೆ. ಹಳೆಯ ಗಿರಾಕಿಗಳು ಬಿಡುತ್ತಾರೆಯೇ? "ಯಾಕ್ರೀ ಅಕ್ಕಾ, ಜ್ವಾಳದ ರೇಟ ಏರೇತೇನ್ರಿ?" ಎಂದು ಕಾಲೆಳೆಯುತ್ತಾರೆ. ಮಂಗಳೂರಿಗೆ ಹೋಗಿ ಬಂದಾಗಿನಿಂದ ಹೀಗಾಗಿದೆ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ.

ನಮ್ಮ ಕಡೆಯ ಊಟದ ರೀತಿಯನ್ನು ಹೇಳದೆ ಮುಂದಿನದು ತಿಳಿಯದು. ಬೇರೆಯವರ ಮನೆಯಲ್ಲಿ ಕೂತವರು ಮೊದಲ ಸಲ ಕೇಳಿದಾಗ "ಬ್ಯಾಡ" ಎನ್ನಬೇಕು. ಮತ್ತೆ ಕೇಳಿದಾಗ "ಸಾಕು" ಎನ್ನಬೇಕು. ಆಮೇಲೂ ಒತ್ತಾಯ ಮಾಡಿದರೆ ಬೇಡವೆಂಬಂತೆ ತಲೆ ಆಡಿಸುತ್ತ ತಟ್ಟೆ ಮುಂದೆ ಮಾಡಬೇಕು. ಮೊದಲ "ಬ್ಯಾಡ"ವನ್ನೇ ನಂಬಿ ಪಾತ್ರೆ ಎತ್ತಿಕೊಂಡು ಹೋದವರನ್ನು ನಾವು ಜಿಪುಣರು ಎನ್ನುತ್ತೇವೆ. ಕೇಳಿದ ಕೂಡಲೇ "ಹಾಕ್ರಿ" ಎಂದವರಿಗೆ ಬರಗೆಟ್ಟವರು ಎಂದು ಹೆಸರು. ಟಿಕೋಟದ ಬೀಗರ ಮನೆಯಿಂದ ಬಬಲೇಶ್ವರದ ಗೆಳತಿಯ ಮನೆಯತನಕ ಎಲ್ಲ ಕಡೆ ಇದೇ ನಡೆಯುವುದರಿಂದ ಲೋಕವೆಲ್ಲ ಹೀಗೇ ಎಂದು ನಾನು ತಿಳಿದಿದ್ದೆ.

ನನ್ನ ತಂಗಿಯನ್ನು ಕನಮಡಿಗೆ ಕೊಟ್ಟಿದ್ದೆವು. ಅವಳ ಗಂಡ ಕಾಮಾಲೆಯಾಗಿ ತೀರಿಕೊಂಡ. ಮಕ್ಕಳಿರಲಿಲ್ಲ. ಆಮೇಲೆ ಕೆಲವು ಕಾಲ ಅವಳು ಅತ್ತೆಮನೆಯಲ್ಲೇ ಇದ್ದಳು. ಆ ಮನೆಯಲ್ಲಿ ಅವಳು "ಸಾಕು" ಎಂದರೆ ಯಾರೂ ಮತ್ತೆ ಕೇಳುತ್ತಿರಲಿಲ್ಲವಂತೆ. ಹಬ್ಬಕ್ಕೆಂದು ನನ್ನ ಮನೆಗೆ ಬಂದಾಗ ಅವಳ ಕೈಯಲ್ಲಿನ ವಾಚು ಮೊಳಕೈತನಕ ಜಾರುತ್ತಿತ್ತು. ಒತ್ತಾಯ ಮಾಡದ ಮನೆಯೆಂದರೆ ಉಪವಾಸದ ಮನೆ ಎಂದು ಅಂದೇ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮದುವೆಗೆ ಮೊದಲು ಕಲಿತ ನರ್ಸಿಂಗ್ ಅವಳ ಕೈ ಹಿಡಿಯಿತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಹೋದಳು, ಮೈ ಕೈ ತುಂಬಿಕೊಂಡಳು. ಹೋದ ವರ್ಷ ಒಂದು ದಿನ ಫೋನಿನಲ್ಲಿ, "ಅಕ್ಕಾ, ಇಲ್ಲೊಬ್ಬರು ಅದಾರ" ಎಂದಳು. ಆ ಒಬ್ಬರು ಮೀನುಗಾರರ ಮನೆಯವರು. ಮೊದಲು ಬೋಟಿನಲ್ಲಿದ್ದರು, ಈಗ ಊರು ನೋಡಲು ಬಂದವರನ್ನು ಬೆಳಿಗ್ಗೆ ಬಂದರಿನ ದಂಡೆಗುಂಟ ನಡೆಸಿಕೊಂಡು ಹೋಗಿ, ಅಲ್ಲಲ್ಲಿ ನಿಲ್ಲಿಸಿ ಬಗೆಬಗೆಯ ಮೀನಿನ ರುಚಿ ತೋರಿಸುತ್ತಾರಂತೆ.

ಸಾರವಾಡದಲ್ಲಿ ತಮ್ಮನ ಮನೆಯಲ್ಲಿರುವ ಅವ್ವನಿಗೆ ಇದನ್ನು ಹೇಳಿದಾಗ ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಮಂದಿಗೆ ಮೀನಾ ತಿನಿಸಿಕೋತ ಅಡ್ಡಾಡೂದು ಅದೆಂಥಾ ಉದ್ಯೋಗಬೇ?" ಎಂದಳು. ಗಂಡ ಸತ್ತವಳು ಮತ್ತೊಬ್ಬನ ಕೈ ಹಿಡಿಯುವುದಕ್ಕೆ ನಮ್ಮಲ್ಲಿ ಉಡಕಿ ಎನ್ನುತ್ತಾರೆ. ಅದಕ್ಕೆ ಅವ್ವನ ತಕರಾರು ಇರಲಿಲ್ಲ. "ಉಡಕಿ ಆಗ್ಲಿ, ನಾ ಬ್ಯಾಡ ಅನ್ನಾಂಗಿಲ್ಲ. ಮನಶ್ಯಾ ಹೆಂಗದಾನ, ನೀ ಹೋಗಿ ನೋಡಿ ಬಾ. ನೀ ಹೂಂ ಅಂದ್ರ ನಂದೂ ಹೂಂ. ನೀ ಒಲ್ಲೆ ಅಂದ್ರ ಅಲ್ಲಿಗೇ ಬಿಟ್ಟ ಬಿಡೂದು."

ಹೀಗೆ ಇಡೀ ಮದುವೆ ನನ್ನ ಒಂದು ಮಾತಿನ ಮೇಲೆ ನಿಂತಿತು. ಗರಿಗರಿ ಕಟಕ ರೊಟ್ಟಿ, ನಾವು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಮಂಗಳೂರಿನ ರೈಲು ಹತ್ತಿದೆ. ನಮ್ಮ ಮನೆಯಲ್ಲಿ ಕುರಿ, ಕೋಳಿ ನಡೆಯುತ್ತದೆ. ಸಮುದ್ರದ ಮೀನನ್ನು ಮಾತ್ರ ನಾನು ಅಲ್ಲಿಯತನಕ ಬಾಯಿಗೆ ಇಟ್ಟವಳಲ್ಲ.

ತಂಗಿ ನನ್ನನ್ನು ಮರುದಿನದ ಸುತ್ತಾಟಕ್ಕೇ ಸೇರಿಸಿಬಿಟ್ಟಿದ್ದಳು. ಮನೆಗೆ ಕರೆದು ಚಹಾ ಕೊಟ್ಟರೆ ಯಾರಾದರೂ ಒಳ್ಳೆಯವರಾಗಿ ಕಾಣುತ್ತಾರೆ, ಕೆಲಸದಲ್ಲಿದ್ದಾಗ ನೋಡು ಎಂದಳು. ಆ ಮಾತು ನನಗೂ ಹಿಡಿಸಿತು. ಬೆಳಿಗ್ಗೆ ದಕ್ಕೆಗೆ ಹೋದೆವು. ಬೋಟುಗಳು ಬಂದು ನಿಲ್ಲುವ ಕಟ್ಟೆಗೆ ಅಲ್ಲಿ ದಕ್ಕೆ ಎನ್ನುತ್ತಾರೆ. ಕಾಲಿಟ್ಟಲ್ಲೆಲ್ಲ ಮಂಜುಗಡ್ಡೆ ಕರಗಿದ ನೀರು, ಬುಟ್ಟಿ ಹೊತ್ತ ಹೆಂಗಸರ ಕೂಗು, ತಲೆಯ ಮೇಲೆ ಹದ್ದುಗಳು. ವಾಸನೆಗೆ ನಾನು ಸೆರಗು ಮೂಗಿಗೆ ಹಿಡಿದೆ, ಆಮೇಲೆ ನಾಚಿಕೆಯಾಗಿ ಬಿಟ್ಟೆ.

ಅವರು ನಮಗಾಗಿ ಕಾಯುತ್ತಿದ್ದರು. ಬಿಸಿಲಿಗೆ ಕರಿದಾದ ಮುಖ, ಕಿವಿಯ ಹತ್ತಿರ ನೆರೆತ ಕೂದಲು, ಇಸ್ತ್ರಿ ಮಾಡಿದ ಅಂಗಿ. ನನಗೆ ಕೈಮುಗಿದು "ಬನ್ನಿ ಅಕ್ಕ" ಎಂದವರು ಉಳಿದವರ ಕಡೆ ತಿರುಗಿದರು. ನಮ್ಮ ಜೊತೆ ಪುಣೆಯಿಂದ ಬಂದ ಒಂದು ಕನ್ನಡದ ಕುಟುಂಬವಿತ್ತು. "ಒಂದು ಮಾತು ಮೊದಲೇ ಹೇಳ್ತೇನೆ. ಕೆಲವರಿಗೆ ಸಿಗಡಿ ಆಗುವುದಿಲ್ಲ, ಮೈ ತುರಿಸ್ತದೆ. ಕೆಲವರಿಗೆ ಮನಸ್ಸೇ ಒಪ್ಪುವುದಿಲ್ಲ. ಬೇಡ ಅಂದ್ರೆ ಬೇಡ. ನಾನು ಎರಡು ಸಲ ಕೇಳುವ ಕ್ರಮ ಇಲ್ಲ," ಎಂದರು. ಆ ಮಾತು ಪುಣೆಯವರಿಗೆ ಎಂದು ನಾನು ತಿಳಿದೆ. ನಾನು ಹೆಣ್ಣಿನ ಕಡೆಯವಳಲ್ಲವೇ?

ಮೊದಲು ನಿಂತದ್ದು ದಕ್ಕೆಯ ಬಾಗಿಲಲ್ಲಿದ್ದ ತಗಡಿನ ಹೋಟೆಲಿನ ಮುಂದೆ. ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿದ ಬಂಗುಡೆ ಮೀನು. ಖಾರದ ವಾಸನೆ ನಮ್ಮ ಅಡುಗೆಮನೆಯದೇ ಅನ್ನಿಸಿ ಬಾಯಲ್ಲಿ ನೀರು ಬಂತು. ಅವರು ತಟ್ಟೆಯನ್ನು ನನ್ನ ಮುಂದೆ ಹಿಡಿದು, "ಅಕ್ಕ, ಹಾಕುವುದಾ?" ಎಂದರು.

"ಬ್ಯಾಡ್ರಿ," ಎಂದೆ ನಾನು, ಮರ್ಯಾದೆಯವಳ ಹಾಗೆ.

"ಆಯ್ತು," ಎಂದು ತಟ್ಟೆ ಎತ್ತಿಕೊಂಡು ಹೋದರು!

ನನಗೆ ನಂಬಿಕೆಯೇ ಬರಲಿಲ್ಲ. ಮರಳಿ ಬರಬಹುದೆಂದು ನೋಡುತ್ತ ನಿಂತೆ. ಅವರು ಪುಣೆಯ ಹುಡುಗಿಗೆ ಮುಳ್ಳು ಬಿಡಿಸುವುದನ್ನು ಹೇಳಿಕೊಡುತ್ತಿದ್ದರು. ಮುಂದಿನ ಕಡೆ ಮರುವಾಯಿ, ಅಂದರೆ ಚಿಪ್ಪಿನ ಹುಳದ ಪಲ್ಯ, ತೆಂಗಿನಕಾಯಿ ಹಾಕಿದ್ದು. ಅದಕ್ಕೂ "ಬ್ಯಾಡ್ರಿ" ಎಂದೆ. ಈ ಸಲ ಸ್ವಲ್ಪ ತಡೆದು, ಧ್ವನಿ ಮೆತ್ತಗೆ ಮಾಡಿ, ಒತ್ತಾಯಕ್ಕೆ ಜಾಗ ಬಿಟ್ಟು ಎಂದೆ. ಅವರು ಅಷ್ಟೇ ಮೆತ್ತಗೆ "ತೊಂದರೆ ಇಲ್ಲ ಅಕ್ಕ" ಎಂದರು. ಸಿಗಡಿಯ ಹತ್ತಿರ ಬರುವಷ್ಟರಲ್ಲಿ ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಅಲ್ಲಿ ಬಾಯಿಂದ ಬೇಡ ಎಂದು ಕಣ್ಣಿಂದ ಬೇಕು ಎಂದು ನೋಡಿದೆ. ಕಣ್ಣಿನ ಮಾತು ಅವರಿಗೆ ಮುಟ್ಟಲಿಲ್ಲ. ಪಕ್ಕದಲ್ಲಿ ತಂಗಿ ಬೆರಳು ನೆಕ್ಕುತ್ತ ಸಿಗಡಿ ತಿನ್ನುತ್ತಿದ್ದಳು. ಅವಳಿಗಾದರೂ ನನ್ನ ಸಂಕಟ ತಿಳಿಯಬಾರದೇ? ತಿಳಿದಿತ್ತು, ಅವರು ಹೇಗಿದ್ದಾರೋ ಹಾಗೇ ನಾನು ನೋಡಲಿ ಎಂದು ಬೇಕೆಂದೇ ಸುಮ್ಮನಿದ್ದಳು ಎಂಬುದು ಆಮೇಲೆ ಗೊತ್ತಾಯಿತು.

ಅಲ್ಲಿಂದ ನದಿಯ ದಂಡೆಗುಂಟ ನಡೆಯುವಾಗ ನಾವಿಬ್ಬರೂ ಹಿಂದೆ ಉಳಿದೆವು. ನನ್ನ ಪಿತ್ತ ನೆತ್ತಿಗೇರಿತ್ತು. "ಲೇ, ಈ ಮನಶ್ಯಾ ನಮಗ ಬ್ಯಾಡ," ಎಂದೆ. "ಹೆಣ್ಣಿನ ಅಕ್ಕ ಊರಿಂದ ಬಂದಾಳ, ಹಸದ ನಿಂತಾಳ, ಒಂದ ಸಲಾರ ಒತ್ತಾಯ ಮಾಡ್ಯಾರೇನು? ನಾಳೆ ನೀ ಅವರ ಮನ್ಯಾಗ ಸಾಕು ಅಂದ್ರ ಎತ್ತಿ ಇಟ್ಟಬಿಡ್ತಾರ. ಕನಮಡಿ ಮರ್ತೇನು?"

ತಂಗಿ ನಿಂತಳು. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ.

"ಮರ್ತಿಲ್ಲ," ಎಂದಳು. "ಅಲ್ಲಿ ಊಟಕ್ಕ ಒತ್ತಾಯ ಇರ್ಲಿಲ್ಲ, ಖರೆ. ಉಳಿದದ್ದಕ್ಕೆಲ್ಲಾ ಇತ್ತು. ಮೈದುನನ್ನ ಮದುವಿ ಮಾಡ್ಕೋ ಅಂದ್ರು. ನಾ ಬ್ಯಾಡ ಅಂದೆ. ನಾಚ್ಕೊಂಡ ಬ್ಯಾಡ ಅಂತಾಳ ಅಂದ್ರು. ದಿನಾ ಒಬ್ಬೊಬ್ಬರು ಬಂದು ಮುಂದ ಕುಂಡ್ರತಿದ್ರು. ಅಳಕೋತ ಬ್ಯಾಡ ಅಂದೆ, ಸಿಟ್ಟಿಲೆ ಬ್ಯಾಡ ಅಂದೆ. ಬ್ಯಾಡ ಅಂದ್ರ ಬ್ಯಾಡ ಅಂತ ಯಾರಿಗೂ ತಿಳೀಲೇ ಇಲ್ಲ ಅಕ್ಕಾ. ಅದಕ್ಕ ಊರ ಬಿಟ್ಟೆ."

ಇದನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ. ಕೆಲಸಕ್ಕಾಗಿ ಊರು ಬಿಟ್ಟಳು ಎಂದೇ ನಾವೆಲ್ಲ ತಿಳಿದಿದ್ದೆವು.

"ಇವರು ಒಂದ ಸಲ ಕೇಳಿದ್ರು, ಮದುವಿ ಆಗೂಣೇನು ಅಂತ. ನಾ ಬ್ಯಾಡ ಅಂದೆ. ಆಯ್ತು ಅಂದ್ರು. ಮುಂದ ಸಿಕ್ಕಾಗ ಮೊದಲಿನಂಗ ನಕ್ಕೋತ ಮಾತಾಡಿದ್ರು. ಮಾರಿ ಗಂಟ ಹಾಕಲಿಲ್ಲ, ಮತ್ತ ಆ ಮಾತ ತಗೀಲಿಲ್ಲ. ನಾ ದಾರಿ ನೋಡಿದೆ, ಇವತ್ತ ಕೇಳ್ತಾರ, ನಾಳೆ ಕೇಳ್ತಾರ ಅಂತ. ಕೇಳಲೇ ಇಲ್ಲ. ಕಡೀಕ ನಾನ ಕೇಳಿದೆ."

"ನೀನಽ?" ಎಂದೆ.

"ಹೂಂ, ನಾನಽ. ಜೀವನದಾಗ ಪೈಲಾ ಸಲ ಬಾಯಿ ಬಿಟ್ಟ ಬೇಕು ಅಂದೆ."

ನದಿಯ ಆಚೆ ದಡಕ್ಕೆ ಹೊರಟ ದೋಣಿಯಲ್ಲಿ ಜನ ಬುಟ್ಟಿ, ಸೈಕಲ್ಲು ಇಟ್ಟುಕೊಂಡು ನಿಂತಿದ್ದರು. ಅದು ಆಚೆ ಮುಟ್ಟುವತನಕ ನೋಡುತ್ತ ನಡೆದೆ. ನಮ್ಮ ಒತ್ತಾಯದಲ್ಲಿ ಪ್ರೀತಿ ಇದೆ ಎಂಬುದನ್ನು ನಾನು ಇಂದಿಗೂ ಬಿಟ್ಟುಕೊಡುವುದಿಲ್ಲ. ಎಷ್ಟು ಜನರ ಹೊಟ್ಟೆಯನ್ನು ಆ ಕೈಯಿಂದ ತುಂಬಿಸಿದ್ದೇನೆ. ಆದರೆ ಎದುರಿಗಿದ್ದವರ ಮಾತನ್ನು ಸುಳ್ಳೆಂದು ಹಿಡಿದೇ ಅಲ್ಲವೇ ನಾವು ಒತ್ತಾಯ ಮಾಡುವುದು? ರೊಟ್ಟಿಯ ಮಟ್ಟಿಗೆ ಅದು ಚೆಂದ. ನನ್ನ ತಂಗಿ ಅತ್ತು ಹೇಳಿದರೂ ಕನಮಡಿಯವರು ಅದೇ ಕಿವಿಯಿಂದ ಕೇಳಿದರಲ್ಲ.

ಕೊನೆಗೆ ನಿಂತದ್ದು ನೀರಿನ ದಂಡೆಗೆ ಹೊಂದಿಕೊಂಡಿದ್ದ ಒಂದು ಮನೆಯಂಥ ಹೋಟೆಲು. ಪುಣೆಯವರು ಕಿಟಕಿಯ ಹತ್ತಿರ ಕೂತರು, ನಾವು ಮೂವರು ಒಳಗಿನ ಮೇಜಿಗೆ. ನೀರುದೋಸೆ ಬಂತು, ಮಣ್ಣಿನ ಮಡಕೆಯಲ್ಲಿ ಕೆಂಪಗೆ ಬಂಗುಡೆಯ ಸಾರು ಬಂತು. ಹುಳಿ, ಮೆಣಸು ಹಾಕಿದ ಅದಕ್ಕೆ ಪುಳಿಮುಂಚಿ ಎಂದು ಹೆಸರು. ಅವರು ನನ್ನನ್ನು ಏನೂ ಕೇಳದೆ ಕೂತರು. ಬೆಳಿಗ್ಗೆಯಿಂದ ಬೇಡ ಎಂದವಳನ್ನು ಕಾಡಬಾರದು ಎಂದಿರಬೇಕು.

ನಾನು ಚೀಲ ಬಿಚ್ಚಿ ರೊಟ್ಟಿ ತೆಗೆದೆ. ಅವರ ತಟ್ಟೆಗೆ ಒಂದು ಇಟ್ಟೆ. ಮುರಿದು ಸಾರಿನಲ್ಲಿ ಅದ್ದಿ, ಕಟಕಟ ಅಗಿದು, ರುಚಿಗೆ ತಲೆದೂಗಿ "ಲಾಯ್ಕ ಉಂಟು" ಎಂದರು. ಇನ್ನೊಂದು ಹಿಡಿದೆ.

"ಸಾಕು ಅಕ್ಕ."

ಅವರ ಸಾಕು ಮುಗಿಯುವಷ್ಟರಲ್ಲಿ ರೊಟ್ಟಿ ತಟ್ಟೆಯಲ್ಲಿತ್ತು. ಅವರು ಕಕ್ಕಾಬಿಕ್ಕಿಯಾಗಿ ತಂಗಿಯ ಮುಖ ನೋಡಿದರು.

"ತಿನ್ನರಿ," ಎಂದಳು ತಂಗಿ. "ನಮ್ಮೂರಾಗ ಸಾಕು ಅಂದ್ರ ಇನ್ನೊಂದ ಹಾಕ್ರಿ ಅಂತ ಲೆಕ್ಕ. ಬ್ಯಾಡ ಅಂದ್ರೂ ಅದಽ."

ಅವರು ಅಗಿಯುವುದನ್ನು ನಿಲ್ಲಿಸಿದರು. "ಹಾಗಾದ್ರೆ ಬೆಳಿಗ್ಗೆಯಿಂದ ಅಕ್ಕ ಬೇಡ ಬೇಡ ಅಂದದ್ದು..." ಎಂದವರ ಮುಖ ಸಣ್ಣದಾಯಿತು. "ಅಯ್ಯೋ ದೇವರೇ. ನನಗೆ ಗೊತ್ತಾಗ್ಲಿಲ್ಲ ಅಕ್ಕ." ಗಂಡಸು ಅಷ್ಟು ಪೇಚಾಡಿದ್ದನ್ನು ನಾನು ನೋಡಿದ್ದು ಅಪರೂಪ. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕು, ಆ ಎರಡನೆಯ ರೊಟ್ಟಿಯನ್ನು ಒಂದು ಚೂರೂ ಬಿಡದೆ ತಿಂದರು.

ಆಮೇಲೆ ಕೈ ಒರೆಸಿಕೊಂಡು ನೆಟ್ಟಗೆ ಕೂತು ಕೇಳಿದರು: "ಅಕ್ಕ, ನಾವಿಬ್ಬರು ಮದುವೆ ಆಗುವುದು ನಿಮಗೆ ಒಪ್ಪಿಗೆ ಉಂಟಾ?"

ನಮ್ಮಲ್ಲಿ ಈ ಮಾತಿಗೆ ಮೊದಲ ಸಲಕ್ಕೇ ಹೂಂ ಎನ್ನುವ ಹಿರಿಯರು ಇಲ್ಲ. "ನೋಡೂಣ್ರಿ" ಎನ್ನಬೇಕು. ಮನೆಯಲ್ಲಿ ಹಿರಿಯರಿದ್ದಾರೆ, ಅವರನ್ನು ಕೇಳಬೇಕು ಎನ್ನಬೇಕು. ಗಂಡಿನವರು ಮತ್ತೆ ಬರಬೇಕು, ಇನ್ನೊಮ್ಮೆ ಬರಬೇಕು, ಚಹಾ ಕುಡಿದು ಮತ್ತೆ ಮತ್ತೆ ಕೇಳಬೇಕು. ಹಾಗಾದರೇ ಹೆಣ್ಣಿಗೆ ಬೆಲೆ. "ನೋಡೂಣ್ರಿ" ನನ್ನ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು.

ತಂಗಿ ನನ್ನನ್ನೇ ನೋಡುತ್ತಿದ್ದಳು. ನನ್ನ ನಾಲಿಗೆಯ ಚಾಳಿ ಅವಳಿಗೆ ಗೊತ್ತಿಲ್ಲವೇ? ನಾನು ನೋಡೋಣ ಎಂದರೆ ಈ ಮನುಷ್ಯ ಅದನ್ನು ನಂಬುತ್ತಾರೆ. ಆಯ್ತು ಅಕ್ಕ ಎಂದು ಎದ್ದು ಕೈತೊಳೆಯುತ್ತಾರೆ, ನನ್ನನ್ನು ಮರ್ಯಾದೆಯಿಂದ ರೈಲಿಗೆ ಬಿಡುತ್ತಾರೆ, ಮತ್ತೆ ಕೇಳುವುದಿಲ್ಲ.

"ಹೂಂ," ಎಂದೆ. ಎಷ್ಟು ಜೋರಾಗಿ ಬಂತೆಂದರೆ ಕಿಟಕಿಯ ಹತ್ತಿರದವರೂ ತಿರುಗಿ ನೋಡಿದರು. "ಒಪ್ಪಿಗಿ ಐತ್ರಿ. ನಮ್ಮವ್ವಂದೂ ಐತಿ."

ತಂಗಿ ತಲೆ ಬಗ್ಗಿಸಿ ರೊಟ್ಟಿ ಮುರಿಯತೊಡಗಿದಳು, ಪುಡಿಪುಡಿಯಾದರೂ ಬಿಡಲಿಲ್ಲ. ನಾನು ನನ್ನ ಖಾಲಿ ತಟ್ಟೆಯನ್ನು ಆ ಮಡಕೆಯ ಕಡೆ ಸರಿಸಿದೆ.

"ಮೀನಾ ಹಾಕ್ರಿ," ಎಂದೆ. "ಬೇಕು."